ಪೆಗಿಡಾದ ಮಾರಾಯ್ರಿಗೆ ಬಾಳಗಡಿಯಿಂದ ಒಂದು ಬಹಿರಂಗ ಪತ್ರ

ಡ್ರೆಸ್ಡೆನ್ ನಗರದ ಶ್ರೀಯುತ ಲುಟ್ಸ್ ಬಾಖ್‌ಮನ್ ಅವರಿಗೆ,

ಕೊಪ್ಪ ತಾಲ್ಲೂಕು ಬಾಳಗಡಿಯಿಂದ ನಮಸ್ಕಾರ. ಅಡಿಕೆಗೆ ಕೊಳೆ ಬಿದ್ದಿದೆ, ಅದೊಂದು ಬಿಟ್ಟರೆ ನಾವಿಲ್ಲಿ ಕ್ಷೇಮ. ಯುರೋಪನ್ನು ಇಸ್ಲಾಮಿನಿಂದ ಕಾಪಾಡಲು ನೀವು 2014ರ ಅಕ್ಟೋಬರಿನಲ್ಲಿ ಕಟ್ಟಿದ ಪೆಗಿಡಾ, ಹತ್ತು ವರ್ಷ ಸೋಮವಾರ ಸಂಜೆ ಬೀದಿ ಸುತ್ತಿ, 2024ರ ಅಕ್ಟೋಬರಿನಲ್ಲಿ ಮೆರವಣಿಗೆ ನಿಲ್ಲಿಸಿತೆಂದು ತಿಳಿದು ಬೇಜಾರಾಯಿತು. ನಮ್ಮ ಕಡೆ ಸೋಮವಾರ ಒಪ್ಪತ್ತು ಮಾಡುವವರಿಗೂ ಇಷ್ಟು ನಿಷ್ಠೆ ಇಲ್ಲ ಮಾರಾಯ್ರೆ.

2015ರ ಜನವರಿ 12ರಂದು ನಿಮ್ಮ ಹಿಂದೆ ಸುಮಾರು 25 ಸಾವಿರ ಜನ ನಡೆದರು. ಅದೂ ನೂರಕ್ಕೆ ಒಬ್ಬ ಮುಸ್ಲಿಮನೂ ಇಲ್ಲದ ಸಾಕ್ಸನಿಯಲ್ಲಿ! ನಿಮ್ಮ ದೇಶದ ನೆರೆಯವರಾದ ಸ್ವಿಸ್ಸರಂತೂ ಇನ್ನೂ ಚುರುಕು. 2009ರ ನವೆಂಬರಿನಲ್ಲಿ ಶೇ 57.5 ಮತ ಹಾಕಿ, ಹೊಸ ಮಿನಾರ್ ಕಟ್ಟಕೂಡದೆಂದು ಸಂವಿಧಾನಕ್ಕೇ ಸೇರಿಸಿಬಿಟ್ಟರು. ಆಗ ಇಡೀ ದೇಶದಲ್ಲಿದ್ದ ಮಿನಾರುಗಳು ನಾಲ್ಕು.

ಆದರೂ ನಿಮ್ಮದು ದುಬಾರಿ ಪದ್ಧತಿ. ನೂರಕ್ಕೆ ಅರ್ಧ ಮುಸ್ಲಿಮನಾದರೂ ನಿಮಗೆ ಬೇಕಾಯಿತು. ನಾವು ಸೊನ್ನೆಯಲ್ಲೇ ಮಾಡಿ ತೋರಿಸಿದ್ದೇವೆ.

2020ರ ಆಗಸ್ಟ್ 13. ಎರಡು ದಿನದ ಹಿಂದಷ್ಟೇ ಬೆಂಗಳೂರಿನ ಡಿ.ಜೆ. ಹಳ್ಳಿ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಬೆಳಿಗ್ಗೆ ನೋಡಿದರೆ, ನಮ್ಮ ಪಕ್ಕದ ಶೃಂಗೇರಿಯಲ್ಲಿ ಶಂಕರಾಚಾರ್ಯರ ಪ್ರತಿಮೆಯ ಮಂಟಪದ ಮೇಲೆ ಒಂದು ಬಟ್ಟೆ. ಅದು ಇಂಥ ಸಂಘಟನೆಯದೇ ಬಾವುಟ, ಇಂಥವರದೇ ಕೈವಾಡ ಎಂದು ತೀರ್ಮಾನವಾಗಲು ತಿಂಡಿ ಹೊತ್ತು ಕೂಡ ಹಿಡಿಯಲಿಲ್ಲ. ಪ್ರತಿಭಟನೆ, ಘೋಷಣೆ, ದೂರು ಎಲ್ಲ ಸಾಂಗವಾಗಿ ನಡೆದ ಮೇಲೆ ಪೊಲೀಸರು ಸಿಸಿಟಿವಿ ನೋಡಿ ಒಬ್ಬನನ್ನು ಹಿಡಿದರು. ಆಸಾಮಿ ಹಿಂದೂ! ಕುಡಿದ ಅಮಲಿನಲ್ಲಿ ಮಸೀದಿಯಿಂದ ಬಟ್ಟೆ ಎತ್ತಿಕೊಂಡು, ಮಳೆಗೆ ಹೊದ್ದು, ಆಮೇಲೆ ಅಲ್ಲಿ ಎಸೆದು ಹೋದನೆಂದು ಪೊಲೀಸರ ವಿವರಣೆ. ನಮ್ಮ ಆಷಾಢ ಶ್ರಾವಣದ ಮಳೆ ನಿಮಗೆ ಗೊತ್ತಿಲ್ಲ. ಅದರಲ್ಲಿ ಸಿಕ್ಕಿಬಿದ್ದವನು ಕೈಗೆ ಸಿಕ್ಕಿದ್ದನ್ನೆಲ್ಲ ಹೊದೆಯುತ್ತಾನೆ, ಕಂಬಳಿಕೊಪ್ಪೆ ಸಿಗದಿದ್ದರೆ ಸಿದ್ಧಾಂತವನ್ನೂ. ಕೂಗಿದ ಘೋಷಣೆಯನ್ನು ವಾಪಸು ಪಡೆಯಲು ಮಾತ್ರ ಇನ್ನೊಂದು ಮೆರವಣಿಗೆ ಹೊರಟಿದ್ದನ್ನು ನಾನು ಕೇಳಿಲ್ಲ.

ಇಷ್ಟೆಲ್ಲ ಪ್ರತಿಭೆಯಿದ್ದರೂ ನಮಗೆ ನಿಮಗಿಲ್ಲದ ಕೆಲವು ತೊಡಕುಗಳಿವೆ. 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಪರಶುರಾಮ ಭಾವುವಿನ ಮರಾಠಾ ದಂಡಿನ ಕಡೆಯವರು. ಶಾರದೆಯ ಮರುಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಿದ್ದು ಟಿಪ್ಪು ಸುಲ್ತಾನ. (ಕೊಡಗಿನಲ್ಲಿ, ಮಂಗಳೂರಿನಲ್ಲಿ ಅವನು ಮಾಡಿದ್ದು ಬೇರೆಯೇ, ಅದನ್ನು ನಾನು ಮುಚ್ಚಿಡುವುದಿಲ್ಲ.) ಅವನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವಜ್ಞ ಆರ್. ನರಸಿಂಹಾಚಾರ್ಯರಿಗೆ ಸಿಕ್ಕಿದ್ದು ಬೇರೆಲ್ಲೂ ಅಲ್ಲ, ಮಠದ ಕಡತದಲ್ಲೇ. ಆ ಕಾಗದ ಸುಳ್ಳೆಂದರೆ ಮಠ ಸುಳ್ಳಾಗುತ್ತದೆ, ನಿಜವೆಂದರೆ ಘೋಷಣೆಗೆ ಪ್ರಾಸ ಕೂಡುವುದಿಲ್ಲ. ಏನು ಮಾಡುವುದು ಹೇಳಿ?

ಎರಡನೆಯ ತೊಡಕು ಹೊಟ್ಟೆಯದು. 2022ರ ಮಾರ್ಚಿನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ, ಕಾಪುವಿನ ಮಾರಿಗುಡಿಯಲ್ಲಿ ಮುಸ್ಲಿಮರ ಅಂಗಡಿ ಬೇಡವೆಂದರು. ಅದಕ್ಕೆ ಆಸರೆಯಾಗಿ 2002ರ ಮುಜರಾಯಿ ನಿಯಮವೊಂದು ವಿಧಾನಸಭೆಯಲ್ಲಿ ದೂಳು ಕೊಡವಿಕೊಂಡು ಎದ್ದಿತು. ಆ ಸುದ್ದಿ ಓದಿ ಭಲೇ ಎಂದವರೇ ಬ್ಯಾರಿ ಮುಸ್ಲಿಮನ ಮೀನಿನ ಗಾಡಿ ಹಾರ್ನ್ ಹೊಡೆದರೆ ಪಾತ್ರೆ ಹಿಡಿದು ಓಡುತ್ತಾರೆ, ಬಂಗುಡೆ ತಾಜಾ ಇದೆಯಾ ಎಂದು ಕಿವಿರು ಎತ್ತಿ ನೋಡುತ್ತಾರೆ. ನೀವು ಇದನ್ನು ಹೇಗೆ ನಿಭಾಯಿಸಿದಿರಿ? ಸೋಮವಾರದ ಚಳಿಯಲ್ಲಿ ಘೋಷಣೆ ಕೂಗಿ ಹಸಿದಾಗ ಟರ್ಕಿಯವರ ಡೋನರ್ ಅಂಗಡಿಗೆ ಬಾವುಟ ಸಮೇತ ಹೋಗುತ್ತಿದ್ದಿರೋ, ಹೊರಗೆ ಒರಗಿಸಿಟ್ಟು ಹೋಗುತ್ತಿದ್ದಿರೋ?

ಬೇಗ ಉತ್ತರ ಬರೆಯಿರಿ. ಗಣಪತಿ ಹಬ್ಬ ಹತ್ತಿರ ಬಂತು, ಬ್ಯಾನರ್ ಅಂಗಡಿಯ ಸಾಹೇಬ್ರು ಅಡ್ವಾನ್ಸ್ ಕೇಳುತ್ತಿದ್ದಾರೆ.

ಇಂತಿ,
ಬಾಳಗಡಿಯ ಒಬ್ಬ ಅಡಿಕೆ ಬೆಳೆಗಾರ