ಸಿಂಹಾಸನವೂ ಖಾಲಿ, ಸಿಲಿಂಡರೂ ಖಾಲಿ

ಹೆಂಡತಿ: ಮುಖ ಯಾಕೆ ಹೀಗಿದೆ? ಯಾರು ಹೋದರು?

ಗಂಡ: ಫ್ರಾನ್ಸಿನ ದೊರೆ ಹತ್ತನೇ ಲೂಯಿ.

ಹೆಂಡತಿ: ಯಾವಾಗ?

ಗಂಡ: 1316ರಲ್ಲಿ.

ಹೆಂಡತಿ: ಸೂತಕ ಕಳೀತು, ಏಳಿ. ಸಿಲಿಂಡರ್ ಖಾಲಿಯಾಗಿದೆ.

ಗಂಡ: ಖಾಲಿಯಾದದ್ದು ಸಿಂಹಾಸನ ಕಣೇ! ಲೂಯಿಯ ಮಗ, ಹಸುಗೂಸು ಜಾನ್, ಕೆಲವೇ ದಿನ ದೊರೆ.

ಹೆಂಡತಿ: ಅಯ್ಯೋ, ನಾಮಕರಣಕ್ಕೂ ಮುಂಚೆ?



ಗಂಡ: ಚಿಕ್ಕಪ್ಪ ಫಿಲಿಪ್ 1322ರಲ್ಲಿ ಹೋದ, ಇನ್ನೊಬ್ಬ ಚಿಕ್ಕಪ್ಪ ಚಾರ್ಲ್ಸ್ 1328ರಲ್ಲಿ. ಯಾರಿಗೂ ಗಂಡುಸಂತಾನ ಉಳಿಯಲಿಲ್ಲ. ಅವರ ತಂಗಿ ಇಸಬೆಲ್ಲಾಳ ಮಗ, ಇಂಗ್ಲೆಂಡಿನ ಎಡ್ವರ್ಡ್, ಕಿರೀಟ ತನ್ನದೆಂದ. ನೂರು ವರ್ಷದ ಯುದ್ಧ!

ಹೆಂಡತಿ: ನಿಮ್ಮಪ್ಪನ ಸೈಟಿನ ಕೇಸೂ ಹಾಗೇ ಎಳೀತಿದೆ. ಪಹಣಿ ಹುಡುಕೋಕೆ ನಿಮಗೆ ಪುರುಸೊತ್ತಿಲ್ಲ.

ಗಂಡ: ಅದರಲ್ಲಿ ಡ್ರ್ಯಾಗನ್ ಇಲ್ಲವಲ್ಲ!

ಹೆಂಡತಿ: ಲೂಯಿ ಸಾಕಿದ್ದನೇ?

ಗಂಡ: ಛೆ, ಡ್ರ್ಯಾಗನ್ ಇರೋದು ಜಾರ್ಜ್ ಮಾರ್ಟಿನ್ ಕಾದಂಬರಿಗಳಲ್ಲಿ. ಈ ಫ್ರೆಂಚ್ ಮನೆಜಗಳವನ್ನು ಮಾರಿಸ್ ಡ್ರುಯೊನ್ ಏಳು ಕಾದಂಬರಿ ಮಾಡಿದ. ಮಾರ್ಟಿನ್‌ಗೆ ಅವು ಪ್ರಾಣ. ಅವನ ಡ್ರ್ಯಾಗನ್ ಕಥೆಯ ಐದನೇ ಸಂಪುಟ 2011ರಲ್ಲಿ ಬಂತು. ಆರನೆಯದಕ್ಕೆ ಇನ್ನೂ ಕಾಯ್ತಿದ್ದೀನಿ.

ಹೆಂಡತಿ: ನನ್ನ ತಮ್ಮನಿಗೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕಾಯಲಿಲ್ಲ!

ಗಂಡ: ಅವನದ್ಯಾವ ರಾಜವಂಶ?

ಹೆಂಡತಿ: ನಿಮ್ಮ ಮುತ್ತಜ್ಜನ ಹೆಸರು ಹೇಳಿ, ನೋಡೋಣ.

ಗಂಡ: ...ನಮ್ಮ ಮನೆತನಕ್ಕೆ ಕೊನೇಪುಟದಲ್ಲಿ ವಂಶವೃಕ್ಷ ಹಾಕಿಲ್ಲವಲ್ಲೇ!