ರೇಟು ಕೇಳುವ ಆಫರಣ್ಣ

ಕೊರಟಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಬೆಳಗಿನ ಕಾಫಿ ಹೊತ್ತಿಗೆ ಸೇರುವ ನಾಲ್ಕಾರು ಜನರಲ್ಲಿ ಒಬ್ಬ ಆಫರಣ್ಣ ಇದ್ದೇ ಇರುತ್ತಾನೆ. ಇದು ಯಾರೋ ಒಬ್ಬರ ಹೆಸರಲ್ಲ, ಒಂದು ತಳಿಯ ಹೆಸರು. ಅವನು ಅಡಿಕೆ ವ್ಯಾಪಾರಿ ಇರಬಹುದು, ಹೈಸ್ಕೂಲ್ ಮೇಷ್ಟ್ರಿರಬಹುದು, ಎಲ್‌ಐಸಿ ಏಜೆಂಟಿರಬಹುದು, ಗೊಬ್ಬರದಂಗಡಿ ಇಟ್ಟುಕೊಂಡವನಿರಬಹುದು. ಮಧುಗಿರಿ, ಶಿರಾ, ಪಾವಗಡಗಳಲ್ಲೂ ಈ ತಳಿ ಹುಲುಸಾಗಿ ಬೆಳೆದಿದೆ. ಮಳೆ ನಂಬಿಕೊಂಡ ಬೆಳೆಯಲ್ಲವಾದ್ದರಿಂದ ಒಣಗುವ ಭಯವೂ ಇಲ್ಲ. ಗುರುತು ಹಿಡಿಯುವುದು ಸುಲಭ. "ಹೇಗಿತ್ತಣ್ಣ ಬ್ಯಾಂಕಾಕು?" ಎಂದು ಕೇಳಿ ನೋಡಿ. "ಹೋಗಿ ಬರೋ ಟಿಕೆಟ್ಟು ಹದಿಮೂರು ಸಾವಿರ ಕಣಪ್ಪ. ಪಕ್ಕದ ಸೀಟ್ನೋನು ಇಪ್ಪತ್ತೆರಡು ಕೊಟ್ಟಿದ್ದ!" ಎಂಬ ಉತ್ತರ ಬರುತ್ತದೆ. ಅವನ ಪ್ರವಾಸದ ಪರಮಸುಖ ಆ ಎರಡನೇ ವಾಕ್ಯದಲ್ಲಿದೆ. ಊರವರು ನಗುತ್ತಾರೆ. ಇವನು ದೇಶ ನೋಡಲು ಹೋಗುವುದಿಲ್ಲ, ದರಪಟ್ಟಿ ನೋಡಲು ಹೋಗುತ್ತಾನೆ ಎಂಬುದು ಅವರ ಆರೋಪ. ಆರೋಪ ಪೂರ್ತಿ ನಿಜ. ಆದರೆ ಅದರಲ್ಲಿ ನಗುವಂಥದ್ದು ಎಷ್ಟಿದೆ ಎಂದು ಕೂತು ಲೆಕ್ಕ ಹಾಕಿದರೆ, ರೇಟು ಕೇಳುವುದೂ ಒಂದು ದೇಶವನ್ನು ತಿಳಿಯುವ ದಾರಿಯೇ, ಅದೂ ಬಹಳ ಜನ ತುಳಿಯದ ದಾರಿ ಎಂದು ವಾದಿಸಬಹುದು. ಆಫರಣ್ಣನನ್ನು ನೋಡಿ ನಗಬೇಕಾದ ಜಾಗ ಬೇರೆ ಇದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲಿಗೆ ಅವನು ದೇಶ ಆರಿಸುವ ಕ್ರಮ ನೋಡಿ. ಭೂಪಟ ಬಿಚ್ಚುವುದಿಲ್ಲ, ವೀಸಾ ಬೇಡದ ದೇಶಗಳ ಪಟ್ಟಿ ಬಿಚ್ಚುತ್ತಾನೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಎಂದಿತು. ಡಿಸೆಂಬರ್ 1ರಿಂದ ಮಲೇಷ್ಯಾ ಅದೇ ಹಾದಿ ಹಿಡಿಯಿತು. ಆ ತಿಂಗಳು ಆಫರಣ್ಣನಿಗೆ ದೀಪಾವಳಿ ಎರಡು ಸಲ ಬಂದಂತಾಯಿತು. ನೇಪಾಳಕ್ಕೆ ಪಾಸ್‌ಪೋರ್ಟೂ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಅಲ್ಲಿನ ರೂಪಾಯಿ 1993ರಿಂದ ನಮ್ಮ ನೂರಕ್ಕೆ ನೂರ ಅರುವತ್ತರಂತೆ ಕಟ್ಟುಬಿದ್ದಿದೆ, ಏರಿಳಿತದ ತಲೆನೋವಿಲ್ಲ. ಭೂತಾನಿನ ಹಣಕ್ಕೂ ನಮ್ಮ ರೂಪಾಯಿಗೂ ಸರಿಸಮ. ಆದರೆ ಅಲ್ಲಿ ಭಾರತೀಯನೊಬ್ಬ ತಂಗುವ ಪ್ರತಿ ರಾತ್ರಿಗೆ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು ಎಂದು ತಿಳಿದ ಕೂಡಲೇ ಅವನು ಪಟ್ಟಿಯಿಂದ ಭೂತಾನನ್ನು ಹೊಡೆದುಹಾಕುತ್ತಾನೆ. "ಬೆಟ್ಟ ನೋಡೋಕೆ ದಿನಾ ಸಾವ್ರದಿನ್ನೂರಾ? ಸಿದ್ದರಬೆಟ್ಟ ಪುಕ್ಕಟೆ ಐತೆ." ಇನ್ನು ವಿಯೆಟ್ನಾಂ ಎಂದರೆ, ವೀಸಾ ಬೇಕಾದರೂ ಅವನ ಕಣ್ಣು ಅರಳುತ್ತದೆ. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಐದು ಲಕ್ಷ ಡಾಂಗಿನ ಒಂದೇ ನೋಟು ಅಲ್ಲಿ ಚಲಾವಣೆಯಲ್ಲಿದೆ, ಬೆಲೆ ಸಾವಿರದ ಏಳುನೂರು ರೂಪಾಯಿಯ ಆಜುಬಾಜು. ಊರಿನಲ್ಲಿ ಸೊಸೈಟಿ ಸಾಲದ ಕಂತು ಕಟ್ಟುವವನು ಅಲ್ಲಿ ಜೇಬಿನಲ್ಲಿ ಕೋಟಿ ಇಟ್ಟುಕೊಂಡು ತಿರುಗಬಹುದು. ಸಾಲಗಾರನನ್ನು ನಾಲ್ಕೈದು ಗಂಟೆಯ ವಿಮಾನದಲ್ಲಿ ಕೋಟ್ಯಧಿಪತಿ ಮಾಡುವ ಯೋಜನೆ ನಮ್ಮ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇಲ್ಲ.

ಇದೆಲ್ಲ ಮೊಬೈಲು ಬಂದ ಮೇಲೆ ಹುಟ್ಟಿದ ಚಟ ಎನ್ನುವವರಿದ್ದಾರೆ. ಅವರು ತಮ್ಮ ಅಜ್ಜಿಯರನ್ನು ಮರೆತಿದ್ದಾರೆ. ಕಾಶಿ, ಗಯಾ, ಪ್ರಯಾಗ ಮುಗಿಸಿ ಗಡಿ ದಾಟಿ ಕಠ್ಮಂಡುವಿನ ಪಶುಪತಿನಾಥನ ದರ್ಶನ ಮಾಡಿಸುವ ಯಾತ್ರೆಯ ಬಸ್ಸುಗಳು ನಮ್ಮ ಊರುಗಳಿಂದ ಹೊರಟಾಗ ಹಿಂದಿನ ಸೀಟಿನಲ್ಲಿ ಅಡುಗೆಯವರು, ಗ್ಯಾಸ್ ಒಲೆ, ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿ ಎಲ್ಲ ಇರುತ್ತಿದ್ದವು. ಬಿಹಾರದ ರಸ್ತೆ ಬದಿಯಲ್ಲಿ ಬಸ್ಸು ನಿಲ್ಲಿಸಿ ಬಿಸಿ ಚಿತ್ರಾನ್ನ ಬಡಿಸಿಕೊಂಡು ಉಂಡು ಹೊರದೇಶ ಮುಟ್ಟಿದ ಆ ಅಜ್ಜಿಯರಿಗಿಂತ ಅಗ್ಗದ ಪ್ರವಾಸಿ ಇನ್ನೂ ಹುಟ್ಟಿಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕದ ಕಡೆಯವರೇ ಆದ್ದರಿಂದ, ಪರದೇಶಕ್ಕೆ ಹೋದೆವು ಎಂಬ ಭಯವೂ ಅವರಿಗೆ ಇರಲಿಲ್ಲ. ವಿಮಾನದ ವಿಷಯಕ್ಕೆ ಬಂದರೂ ಅಗ್ಗದ ಆಸೆ ಹಚ್ಚಿದವರು ನಮ್ಮವರೇ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಮುಂದೆ ಒಂದು ರೂಪಾಯಿ ಟಿಕೆಟ್ಟನ್ನೂ ಬಿಟ್ಟಾಗ, ಹವಾಯಿ ಚಪ್ಪಲಿ ಹಾಕಿದವನೂ ವಿಮಾನದ ಮೆಟ್ಟಿಲು ಹತ್ತಬಹುದು ಎಂಬ ಮಾತು ಹಳ್ಳಿಗಳಿಗೂ ತಲುಪಿತು. ಆ ಕಂಪನಿ ಉಳಿಯಲಿಲ್ಲ, ಆಸೆ ಉಳಿಯಿತು. ಆಫರಣ್ಣ ಆ ಅಜ್ಜಿಗೂ ಆ ಆಸೆಗೂ ವಾರಸುದಾರ.

ಈ ವಂಶವಾಹಿನಿ ಎದ್ದು ಕಾಣುವುದು ಹೊರಡುವ ಹಿಂದಿನ ದಿನ. ಅಗ್ಗದ ಟಿಕೆಟ್ಟಿನಲ್ಲಿ ಕೈಯಲ್ಲಿ ಹಿಡಿದು ಒಯ್ಯಲು ಏಳು ಕೆಜಿ ಮಾತ್ರ. ಅದರ ಮೇಲೆ ಹೋದರೆ ತೆರುವ ದಂಡ ಟಿಕೆಟ್ಟನ್ನೇ ನಾಚಿಸುತ್ತದೆ. ಅಂಗಡಿಯ ತೂಕದ ಯಂತ್ರ ಅಂದು ಮನೆಗೆ ಬರುತ್ತದೆ. ಬ್ಯಾಗು ಇಟ್ಟರೆ ಎಂಟೂ ಕಾಲು. ಒಂದು ಪ್ಯಾಂಟು ತೆಗೆದರೆ ಏಳೂ ಮುಕ್ಕಾಲು. ಮುಂದೆ ಏನು ತೆಗೆಯಬೇಕು ಎಂಬುದರ ಮೇಲೆ ಗಂಡ ಹೆಂಡತಿಗೆ ಮಾತು ಶುರುವಾಗುತ್ತದೆ. "ರೀ, ಆ ಚಟ್ನಿಪುಡಿ ಮುಟ್ಟಬೇಡಿ, ಬೇಕಾದ್ರೆ ಟವೆಲ್ ತೆಗೀರಿ" ಎನ್ನುವುದು ಆಕೆಯ ತೀರ್ಪು. ಪುಳಿಯೋಗರೆ ಗೊಜ್ಜು ವಿಮಾನದವರ ಕಣ್ಣಿನಲ್ಲಿ ದ್ರವವೋ ಘನವೋ ಎಂಬ ಸೂಕ್ಷ್ಮ ಚರ್ಚೆ ಅರ್ಧ ಗಂಟೆ ನಡೆಯುತ್ತದೆ. ಕೊನೆಗೆ ಟವೆಲು ಮನೆಯಲ್ಲಿ ಉಳಿಯುತ್ತದೆ, ಕೋಡುಬಳೆ ಪೊಟ್ಟಣ ಜಾಕೀಟಿನ ಒಳಜೇಬು ಸೇರುತ್ತದೆ, ಪ್ಯಾಂಟಿನ ಮೇಲೊಂದು ಪ್ಯಾಂಟು ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಜಾಕೀಟು ಹಾಕಿಕೊಂಡು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವವನನ್ನು ಕಂಡರೆ, ಅವನಿಗೆ ಚಳಿಜ್ವರ ಎಂದು ತಿಳಿಯಬೇಡಿ. ಒಂದೂ ಕಾಲು ಕೆಜಿ ಉಳಿಸುತ್ತಿದ್ದಾನೆ.

ಇಷ್ಟೆಲ್ಲ ಮಾಡಿ ಹೋದವನು ಅಲ್ಲಿ ಏನು ನೋಡುತ್ತಾನೆ? ಇಲ್ಲಿದೆ ವಾದದ ತಿರುಳು. ಬ್ಯಾಂಕಾಕಿನ ಪ್ರತುನಾಮ್ ಬಟ್ಟೆ ಪೇಟೆಯಲ್ಲಾಗಲಿ, ಹೋ ಚಿ ಮಿನ್ ನಗರದ ಬೆನ್ ಥಾನ್ ಮಾರ್ಕೆಟ್ಟಿನಲ್ಲಾಗಲಿ ಭಾಷೆ ಬೇಕಾಗಿಲ್ಲ. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತಿ ಮುಂದೆ ಹಿಡಿಯುತ್ತಾಳೆ, ಗಿರಾಕಿ ಅದನ್ನು ಅಳಿಸಿ ತನ್ನ ಅಂಕಿ ಒತ್ತಿ ವಾಪಸು ಕೊಡುತ್ತಾನೆ. ಆಕೆ ಎದೆ ಮೇಲೆ ಕೈ ಇಟ್ಟು ಸತ್ತೇ ಹೋದೆ ಎಂಬಂತೆ ನಗುತ್ತಾಳೆ, ಇವನು ಎರಡು ಹೆಜ್ಜೆ ಮುಂದೆ ಹೋದಂತೆ ಮಾಡುತ್ತಾನೆ. ಅಕ್ಕಿರಾಂಪುರದ ಕುರಿ ಸಂತೆಯ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಮಾಡುವ ವ್ಯಾಪಾರವೂ ಹೀಗೇ ಮಾತಿಲ್ಲದ್ದು. ಅದನ್ನು ನೋಡಿ ಬೆಳೆದವನಿಗೆ ಪ್ರತುನಾಮಿನಲ್ಲಿ ದುಭಾಷಿ ಯಾಕೆ ಬೇಕು? ಪ್ಯಾಕೇಜಿನಲ್ಲಿ ಹೋದವರು ಎಸಿ ಬಸ್ಸಿನ ಗಾಜಿನಾಚೆ ನೋಡುವ ಊರಿನ ಜೊತೆ ಇವನು ಹತ್ತು ನಿಮಿಷ ಸಮಸಮ ನಿಂತು ನಾಟಕ ಆಡಿ ಬಂದಿರುತ್ತಾನೆ. ವಿಯೆಟ್ನಾಮಿನಲ್ಲಿ ಅಡಿಕೆ ಮರ ಕಂಡರಂತೂ ಮುಗಿಯಿತು. ಅಲ್ಲಿ ಮದುವೆ ಮಾತುಕತೆಗೆ ಎಲೆ ಅಡಿಕೆ ಇಡುವ ಪದ್ಧತಿ ಇದೆ ಎಂಬುದನ್ನು ಗೈಡು ಪುಸ್ತಕವೂ ಹೇಳುತ್ತದೆ. ಆದರೆ ಅಲ್ಲಿನ ರೈತನಿಗೆ ಹಸಿ ಅಡಿಕೆಗೆ ಕೆಜಿಗೆ ಎಷ್ಟು ಸಿಗುತ್ತದೆ, ಕೊಯ್ಲಿನವರ ಕೂಲಿ ಎಷ್ಟು ಎಂದು ಕೈಸನ್ನೆಯಲ್ಲಿ ಕೇಳುವವನು ಕೊರಟಗೆರೆಯ ಆಫರಣ್ಣ ಒಬ್ಬನೇ. ಥಾಯ್ಲೆಂಡಿನಲ್ಲಿ ಸಿಪ್ಪೆ ಹೆರೆದು ಬೆಳ್ಳಗೆ ಕೆತ್ತಿ, ಐಸಿನಲ್ಲಿಟ್ಟ ಎಳನೀರು ನಮ್ಮ ದರದ ಎರಡು ಪಟ್ಟಿಗೂ ಮೇಲೆ ಮಾರುವುದನ್ನು ಕಂಡು ಅವನು ಕುಡಿಯದೆ ಮುಂದೆ ಹೋಗುತ್ತಾನೆ ನಿಜ. ಆದರೆ ಅದೇ ಕಾಯಿಗೆ ಆ ಬೆಲೆ ಬಂದದ್ದು ಕೆತ್ತನೆಯಿಂದಲೋ ತಂಪಿನಿಂದಲೋ ಎಂಬ ಚಿಂತೆಯನ್ನು ಹೋಟೆಲಿನ ತನಕ ಹೊತ್ತು ನಡೆಯುತ್ತಾನೆ. ಪಾವಗಡದ ಆಫರಣ್ಣನದು ಇನ್ನೊಂದು ಬಗೆ. ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಜಮೀನು ಕೊಟ್ಟ ಸೀಮೆಯವನು ಅವನು. ಕಡಲ ದಂಡೆಯಲ್ಲಿ ಕುರ್ಚಿ ಬಾಡಿಗೆ ತೆತ್ತು ಬಿಸಿಲಿಗೆ ಮೈ ಒಡ್ಡಿ ಮಲಗಿದ ಯುರೋಪಿನವರನ್ನು ಕಂಡು, ನಮ್ಮ ಬಿಸಿಲನ್ನು ಸಗಟಿಗೆ ಕೊಟ್ಟು ಕೆಟ್ಟೆವೇನೋ, ಚಿಲ್ಲರೆ ಮಾರಬೇಕಿತ್ತು ಎಂದು ನಿಟ್ಟುಸಿರು ಬಿಡುತ್ತಾನೆ. ಇದನ್ನು ಪ್ರವಾಸದಿಂದ ಬಂದ ಜ್ಞಾನ ಅಲ್ಲ ಎನ್ನಲು ಯಾರಿಗೂ ಬಾಯಿ ಬರಬಾರದು.

ಆಕ್ಷೇಪಗಳು ಇವೆ, ಒಂದೊಂದೂ ತೂಕದ್ದೇ. ಮೊದಲನೆಯದು: ಇವನ ಅಗ್ಗ ನಿಜವಾಗಿ ಅಗ್ಗವೇ? ಥಾಯ್ಲೆಂಡಿನ ಎಟಿಎಮ್ಮಿನಲ್ಲಿ ಹೊರದೇಶದ ಕಾರ್ಡು ತೂರಿಸಿದರೆ ಪ್ರತಿ ಸಲಕ್ಕೆ ಇನ್ನೂರು ಬಾತಿಗೂ ಮೇಲೆ, ಅಂದರೆ ಐನೂರು ರೂಪಾಯಿಗೂ ಹೆಚ್ಚು, ಅಲ್ಲಿನ ಬ್ಯಾಂಕು ಮುರಿದುಕೊಳ್ಳುತ್ತದೆ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ನಮ್ಮ ಬ್ಯಾಂಕು ವಿನಿಮಯದ ಹೆಸರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ರೂಪಾಯಿ ಸೇರಿಸುವುದೇ ಹೆಚ್ಚು. ಎರಡು ಬಾತಿಗಾಗಿ ಹತ್ತು ನಿಮಿಷ ಚೌಕಾಶಿ ಮಾಡಿದವನು, ಕಳ್ಳರ ಭಯಕ್ಕೆ ಸ್ವಲ್ಪಸ್ವಲ್ಪವೇ ಎಂದು ದಿನಕ್ಕೊಂದು ಸಲ ಎಟಿಎಮ್ಮಿಗೆ ಹೋಗಿ ಅದರ ನೂರು ಪಟ್ಟು ಕಳೆದುಕೊಳ್ಳುತ್ತಾನೆ. ಅಗ್ಗದ ವಿಮಾನ ಬೆಳಗಿನ ಜಾವ ಮೂರಕ್ಕೆ ಇಳಿಸುತ್ತದೆ, ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಹನ್ನೊಂದು ಗಂಟೆ ಅವನು ಬ್ಯಾಗು ತಬ್ಬಿಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಾನೆ. ನಿದ್ದೆಗೆ ಅವನ ಲೆಕ್ಕದಲ್ಲಿ ರೇಟೇ ಇಲ್ಲ. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ಇದು ಲೆಕ್ಕ ಕಡಿಮೆಯಾದದ್ದರ ತಪ್ಪು. ಲೆಕ್ಕ ಇಡುವುದರ ತಪ್ಪಲ್ಲ. ಮನೆಯಲ್ಲಿ ಕೂತು ಟಿಕೆಟ್ಟಿಗೆ ಹಾಕಿದ ತಲೆಯ ಕಾಲುಭಾಗವನ್ನು ಕಾರ್ಡಿನ ಷರತ್ತು ಓದಲು ಹಾಕಿದರೆ ಪರಿಹಾರವಾಗುತ್ತದೆ. 2024ರ ಫೆಬ್ರವರಿಯಿಂದ ಶ್ರೀಲಂಕಾದಲ್ಲಿ ನಮ್ಮ ಯುಪಿಐ ನಡೆಯುವಂತಾದದ್ದನ್ನು ಅವನು ಆಗಲೇ ಗುರುತು ಮಾಡಿಟ್ಟುಕೊಂಡಿದ್ದಾನೆ.

ಎರಡನೆಯದು ಊರಿನ ಹಿರಿಯರದು: ಚನ್ನರಾಯನದುರ್ಗ ಹತ್ತದವನಿಗೆ, ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಕಾಣದವನಿಗೆ ಬಾಲಿ ಯಾಕಪ್ಪ? ಕೇಳಲು ಚೆಂದ. ಆದರೆ ಕೇಳುವ ಹಿರಿಯರಲ್ಲೂ ಬಹುಪಾಲು ಹತ್ತಿದವರಲ್ಲ. ಬೆಟ್ಟ ಎಲ್ಲಿ ಹೋಗುತ್ತದೆ, ನಾಳೆ ಹತ್ತಿದರಾಯಿತು ಎಂದುಕೊಂಡೇ ಮಂಡಿ ನೋವು ಬರಿಸಿಕೊಂಡವರು. ಅದೂ ಅಲ್ಲದೆ ಹೊರಗೆ ಹೋಗಿಯೇ ತಿಳಿಯಬೇಕಾದ ಒಂದು ಪಾಠವಿದೆ. ಬ್ಯಾಂಕಾಕಿನ ಅರಮನೆಗೆ ಅಲ್ಲಿನವರಿಗೆ ಟಿಕೆಟ್ಟಿಲ್ಲ, ಹೊರಗಿನವರಿಗೆ 500 ಬಾತ್. ಆಫರಣ್ಣ ಕೆರಳುತ್ತಾನೆ, ಇದ್ಯಾವ ನ್ಯಾಯ ಎನ್ನುತ್ತಾನೆ. ಹಂಪಿಯಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600 ಎಂದು ಬರೆದ ಫಲಕದ ಮುಂದೆ ಅವನು ಹಿಂದೆಂದೂ ಕೆರಳಿದವನಲ್ಲ. ಆಗ ಅದು ದೇಶದ ಆದಾಯವಾಗಿತ್ತು. ವಿದೇಶಿಯರ ಸಾಲಿನಲ್ಲಿ ನಿಂತು ವಿದೇಶಿಯ ರೇಟು ತೆತ್ತ ಮೇಲೆಯೇ ತಾನೂ ಒಬ್ಬನಿಗೆ ಪರದೇಶಿ ಎಂಬುದು ಅರ್ಥವಾಗುವುದು. ಚನ್ನರಾಯನದುರ್ಗದ ತುದಿಯಲ್ಲಿ ಈ ಅರಿವು ಸಿಗುವುದಿಲ್ಲ, ಅಲ್ಲಿ ಎಲ್ಲರೂ ಗುರುತಿನವರೇ.

ಮೂರನೆಯದು ನೀತಿಯ ಆಕ್ಷೇಪ: ಬೀದಿ ಬದಿ ಮಾರಿ ಹೊಟ್ಟೆ ಹೊರೆಯುವ ಹೆಂಗಸಿನ ಹತ್ತಿರ ಹತ್ತು ರೂಪಾಯಿಗೆ ಜಗ್ಗುವುದು ಸಣ್ಣತನವಲ್ಲವೇ? ಚೌಕಾಶಿ ನಡೆಯುವ ಪೇಟೆಯಲ್ಲಿ ಬೆಲೆ ಹೇಳುವವಳೂ ಅದನ್ನು ಲೆಕ್ಕಕ್ಕೆ ಹಿಡಿದೇ ಹೇಳಿರುತ್ತಾಳೆ. ಅವಳು ನಷ್ಟಕ್ಕೆ ಕೊಡುವವಳಲ್ಲ. ನಮ್ಮ ಸಂತೆಯಲ್ಲಿ ಸೊಪ್ಪಿನವಳೂ ಅಷ್ಟೇ ಗಟ್ಟಿ. ಸಣ್ಣತನ ಶುರುವಾಗುವುದು ಗೆದ್ದದ್ದನ್ನು ಸಾರಿಕೊಂಡು ತಿರುಗುವಾಗ. ನಗಬೇಕಾದ ಜಾಗ ಎಂದು ಮೊದಲೇ ಹೇಳಿದ್ದು ಇದನ್ನೇ. ಅಲ್ಲಿ ಅಷ್ಟು ಕಟ್ಟುನಿಟ್ಟಾಗಿ ರೇಟು ಕೇಳಿದವನು ಇಲ್ಲಿ ಸುಳ್ಳು ರೇಟು ಹೇಳುತ್ತಾನೆ. ಹದಿಮೂರು ಸಾವಿರ ಎಂದರೆ ಟಿಕೆಟ್ಟು ಮಾತ್ರ. ದೇವನಹಳ್ಳಿ ಟ್ಯಾಕ್ಸಿ, ರೂಮು, ಊಟ, ಆ ಎಟಿಎಂ, ನಾದಿನಿಗೆ ಕೊಡಲು ತಂದ ಚಾಕೊಲೇಟು ಯಾವುದೂ ಬಸ್‌ಸ್ಟ್ಯಾಂಡಿನ ಲೆಕ್ಕಕ್ಕೆ ಬರುವುದಿಲ್ಲ. ಕೇಳಿದ ಮೂವರು ಹದಿಮೂರು ಸಾವಿರ ಹಿಡಿದುಕೊಂಡು ಹೊರಡುತ್ತಾರೆ, ಬ್ಯಾಂಕಾಕಿನಿಂದ ಭಾವಮೈದುನನಿಗೆ ಫೋನು ಮಾಡಿ ದುಡ್ಡು ತರಿಸಿಕೊಳ್ಳುತ್ತಾರೆ, ವಾಪಸು ಬಂದು ಮರ್ಯಾದೆಗೆ ಅಂಜಿ ತಾವೂ ಹನ್ನೆರಡೇ ಎನ್ನುತ್ತಾರೆ. ಹೀಗೆ ಕೊರಟಗೆರೆಯಲ್ಲಿ ವಿದೇಶ ಪ್ರವಾಸ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ, ಸೊಸೈಟಿಯಲ್ಲಿ ಸಾಲದ ಅರ್ಜಿ ಹೆಚ್ಚುತ್ತಿದೆ. ಆದ್ದರಿಂದ ವಿಯೆಟ್ನಾಮಿನಲ್ಲಿ ಅಡಿಕೆಗೆ ಏನು ಧಾರಣೆ ಎಂಬುದನ್ನು ಆಫರಣ್ಣನ ಬಾಯಿಂದಲೇ ಕೇಳಿ, ಅವನಷ್ಟು ಸರಿಯಾಗಿ ಇನ್ನೊಬ್ಬ ಹೇಳಲಾರ. ಒಟ್ಟು ಖರ್ಚೆಷ್ಟಾಯಿತು ಎಂಬುದನ್ನು ಮಾತ್ರ ಅವನ ಹೆಂಡತಿಯನ್ನು ಕೇಳಿ ತಿಳಿದುಕೊಂಡು ಟಿಕೆಟ್ ಮಾಡಿಸಿ.