‘ನನ್ನ ಖಳನಾಯಕ ಇವರ ಮುಂದ ಯಾವ ಲೆಕ್ಕ?’

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಒಂದು ಮನೆ. ಸೋನಾ ಮಸೂರಿ ಮೂಟೆಗಳ ಮೇಲ್ಗಡೆ ಗೋಡೆಗೂಡಿನಲ್ಲಿ ಒಂದು ಹಳೆಯ ಪತ್ತೇದಾರಿ ಕಾದಂಬರಿ ವಾಸವಾಗಿದೆ. ಕಥೆ ಇಷ್ಟೇ: ಬಡ ವಕೀಲನೊಬ್ಬ ಲಂಚಕೋರ ಮಂತ್ರಿಯನ್ನೂ ಅವನ ಇನ್ಸ್‌ಪೆಕ್ಟರನ್ನೂ ಎದುರು ಹಾಕಿಕೊಳ್ಳುತ್ತಾನೆ. ಗೂಡಿನಿಂದ ಇಳಿಸಿ, ಧೂಳು ಕೊಡವಿ, ಮಾತಿಗೆಳೆದೆ.

ಆರೋಗ್ಯ ಹೇಗಿದೆ, ಹಿರಿಯರೆ?

ಗೆದ್ದಲು ಅರ್ಧ ಓದಿ ಮುಗಿಸ್ಯಾವ. ಈಗಿನ ಕಾಲಕ್ಕ ಅವೇ ನಿಷ್ಠಾವಂತ ಓದುಗರು.

ನಿಮ್ಮ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನದೇ ಹವಾ. ನಿಮ್ಮ ನಾಯಕ ವಕೀಲ ಯಾಕೆ?

ಇದು ಬಳ್ಳಾರಿ ಸೀಮಿ ನೋಡ್ರಿ. ಬಳ್ಳಾರಿ ರಾಘವ ಕೋರ್ಟಿನಾಗ ವಾದ ಮಾಡಿ ರಂಗದ ಮ್ಯಾಲೆ ಪಾತ್ರ ಮಾಡ್ತಿದ್ರು. ನನ್ನ ವಕೀಲ ಎರಡನ್ನೂ ಕೋರ್ಟಿನಾಗ ಮುಗಿಸ್ತಾನ. 120ನೇ ಪುಟಕ್ಕ ಮೇಜು ಗುದ್ದತಾನ, ಮಂತ್ರಿ ಬೆವರತಾನ.

ಆ ಮಂತ್ರಿ ಮಾಡಿದ ಅಪರಾಧವೇನು?

ನಡುರಾತ್ರಿ ಪಾಳುಗುಡಿ ಹಿಂದ ಒಂದು ಸೂಟ್‌ಕೇಸ್ ಇಸ್ಕೊಂಡ. ಈಗ ಹೇಳಾಕ ನಾಚಿಕಿ ಆಗತೈತಿ. ಸಂಡೂರಿನ ಗುಡ್ಡ ಹಾಡಹಗಲೇ ಲಾರಿ ಹತ್ತಿ ಹೋಗೋದನ್ನ ಇಡೀ ಜಿಲ್ಲೆ ಕಂಡೈತಿ. ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈ 27ಕ್ಕ ಕೊಟ್ಟ ವರದಿ ಅಡಕ ಸೇರಿ 25 ಸಾವಿರ ಪುಟ ದಾಟತೈತಿ. ನಾನು ಬರೀ 180. ಅದರಾಗ ನಷ್ಟ 16,085 ಕೋಟಿ ರೂಪಾಯಿ, ಹೆಸರು ಬಿದ್ದ ಅಧಿಕಾರಿಗಳು 787. ನನ್ನ ಲೇಖಕನಿಗೆ ಪಾತ್ರ ಎಂಟು ದಾಟಿದ್ರ ಯಾರು ಸತ್ತಾರ ಅನ್ನೋದ ಮರೀತಿತ್ತು.

ನಿಮ್ಮ ಇನ್ಸ್‌ಪೆಕ್ಟರ್?

ಪಾಪ, ಶ್ರಮಜೀವಿ. ಲಾಠಿ ಬೀಸತಾನ, ಸಾಕ್ಷಿ ಹೆದರಸತಾನ, ರಾತ್ರಿಯೆಲ್ಲ ಜೀಪು ಓಡಸತಾನ. ಆ ವರದಿಯಾಗ ಬರೋದು ‘ಝೀರೋ ರಿಸ್ಕ್’ ವ್ಯವಸ್ಥೆ. ಪಾಲು ಮುಟ್ಟಿಸಿದ್ರ ಆತು, ಪರ್ಮಿಟ್ ಇಲ್ಲದ ಅದಿರಿನ ಲಾರಿನೂ ಯಾರೂ ತಡಿಯಂಗಿಲ್ಲ. ತಡಿಯದೇ ಇರಾಕ ಲಾಠಿ ಯಾಕ ಬೇಕು? ಕೈ ಕಟ್ಕೊಂಡು ನಿಂತರ ಸಾಕು. ಇದನ್ನ ರೋಚಕವಾಗಿ ಹೆಂಗ ಬರೀತೀರಿ? ‘ಇನ್ಸ್‌ಪೆಕ್ಟರ್ ಇನ್ನೊಂದು ಚಾ ಕುಡಿದ’ ಅಂತ ಹತ್ತು ಅಧ್ಯಾಯ?

ಆದರೂ ಅಲ್ಲಿ ಎದುರು ನಿಂತವರೂ ಇದ್ದರಲ್ಲ?

ಇದ್ದರು. ಆದ್ರ ಮೇಜು ಗುದ್ದೋರಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಾಗ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಲೋಕಾಯುಕ್ತರಿಗಾಗಿ ಚೀಟಿ, ಖಾತೆ ಜೋಡಸ್ಕೊಂತ ಕುಂತರು. 2011ರ ಜುಲೈ 29ಕ್ಕ ಬಳ್ಳಾರಿ ಗಣಿಗಾರಿಕೆನ ಕೋರ್ಟು ನಿಲ್ಲಿಸಿತು. ಒಂದು ಗುಂಡು ಹಾರಲಿಲ್ಲ, ಒಬ್ಬಾಕಿ ನಾಯಕಿ ಅಪಹರಣ ಆಗಲಿಲ್ಲ. ಇಂಥಾ ಗುಮಾಸ್ತರ ಕಥಿ ಯಾವ ಪ್ರಕಾಶಕ ಕೊಳ್ತಾನ?

(ನನಗಂತೂ ಇದೇ ಕಥೆ ಇಷ್ಟ. ಕಳ್ಳತನ ರಸೀದಿಯಲ್ಲಿ ನಡೆದಾಗ ಪತ್ತೇದಾರನೂ ರಸೀದಿಯನ್ನೇ ಓದಬೇಕು. ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ.)

ಖಳನಿಗೆ ಶಿಕ್ಷೆ?

ನನ್ನೊಳಗ ಒಂದೇ ದಿನಕ್ಕ ತೀರ್ಪು. ಇಲ್ಲಿ? ಗಣಿ ಧಣಿ, ಮಾಜಿ ಮಂತ್ರಿ ಜನಾರ್ದನ ರೆಡ್ಡಿಯವರನ್ನ ಸಿಬಿಐ ಹಿಡಿದದ್ದು 2011ರ ಸೆಪ್ಟೆಂಬರ್ 5ಕ್ಕ. 2012ರಾಗ, ಅವರ ಜಾಮೀನಿಗೆ ಲಂಚ ತಗೊಂಡ್ರು ಅನ್ನೋ ಆರೋಪದ ಮ್ಯಾಲೆ ಹೈದರಾಬಾದಿನ ಸಿಬಿಐ ಕೋರ್ಟಿನ ನ್ಯಾಯಾಧೀಶರೇ ಅಮಾನತಾದ್ರು. ಈ ತಿರುವು ನನ್ನ ಲೇಖಕ ಬರೆದಿದ್ರ ‘ಅತಿ ಆತು’ ಅಂತ ಹೊಡೆದುಹಾಕ್ತಿದ್ರು. ಓಬಳಾಪುರಂ ಅಕ್ರಮ ಗಣಿ ಪ್ರಕರಣದಾಗ ಅವರಿಗೆ ಏಳು ವರ್ಷ ಶಿಕ್ಷೆ ಅಂತ ತೀರ್ಪು ಬಂದದ್ದು 2025ರ ಮೇ 6ಕ್ಕ. ಜೂನ್‌ದಾಗ ತೆಲಂಗಾಣ ಹೈಕೋರ್ಟು ಆ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅಷ್ಟರಾಗ ನನ್ನ ಅರ್ಧ ಗೆದ್ದಲಿನ ಹೊಟ್ಟ್ಯಾಗ.

ಮರುಮುದ್ರಣವಾದರೆ ಏನು ತಿದ್ದುತ್ತೀರಿ?

ಒಳಗ ಏನೂ ಬ್ಯಾಡ. ಹೊರಗ ‘ಪತ್ತೇದಾರಿ ಕಾದಂಬರಿ’ ಅನ್ನೋದನ್ನ ತೆಗದು ‘ಮಕ್ಕಳ ಕಥಿ’ ಅಂತ ಹಾಕಸ್ರಿ.